‘ಸಿಗಲಿಲ್ಲ’ ಎಂಬ ಸ್ಥಿತಿ

ಫೆಬ್ರವರಿ 3, ಸೋಮವಾರ

ಅಡ್ಡಗಾಲು ಮತ್ತೆ ಬರೆದಿದ್ದಾಳೆ. ಈ ಸಲ ಎರಡೇ ಪ್ಯಾರಾ. ಅವಳು ಕಡಿಮೆ ಬರೆದಷ್ಟೂ ನನಗೆ ಮೈ ಉರಿಯುವುದು ಹೆಚ್ಚು.

ನಿವೃತ್ತಿಯಾದಾಗಿನಿಂದ ಹಿಡಿದಿರುವ ಕೆಲಸ ಇದು. ಯಾರ ಸ್ವತ್ತೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಒಂದು ಓಪನ್ ಸೋರ್ಸ್ ಡೇಟಾಬೇಸಿಗೆ ಸ್ಟೋರ್ಡ್ ಪ್ರೊಸೀಜರ್, ಅಂದರೆ ಡೇಟಾಬೇಸಿನ ಒಳಗೇ ಕೂತು ಕೆಲಸ ಮಾಡುವ ಅಪ್ಪಣೆ, ಬರೆಯುವ ಪ್ರಮಾಣಿತ ಭಾಷೆಯನ್ನು ಸೇರಿಸುವುದು. ಆ ಪ್ರಮಾಣ ಅಚ್ಚಾಗಿ ದಶಕಗಳೇ ಕಳೆದವು. ಅದನ್ನು ಒಪ್ಪಿ ಕೈಯೆತ್ತಿದ ಕಂಪನಿಗಳೇ ಮನೆಗೆ ಹೋಗಿ ತಂತಮ್ಮದೇ ಭಾಷೆ ಕಟ್ಟಿಕೊಂಡವು, ಒಮ್ಮೆ ಒಳಗೆ ಬಂದ ಗಿರಾಕಿ ಮತ್ತೆ ಹೊರಗೆ ಹೋಗಬಾರದೆಂದು.

ನಾನು ಮರೆಯುವವಳಲ್ಲ. ಆಗ ವಿದ್ಯುತ್ ಮಂಡಳಿಯ ಕಂಪ್ಯೂಟರ್ ವಿಭಾಗಕ್ಕೆ ನಾನು ಹೊಸಬಳು. ಕಂದು ಕೋಟಿನ ಮಾರಾಟಗಾರ ಬಂದು, “ಒಂದ್ಸಲ ಬರೆದ್ರೆ ಮುಗೀತು, ನೀವು ಇದರ ಒಳಗೆ ನೋಡೋ ಅಗತ್ಯಾನೇ ಇಲ್ಲ” ಎಂದ. ಇಡೀ ಸಭೆ ಚಪ್ಪಾಳೆ ತಟ್ಟಿತು. ಮುಂದೆ ತಪ್ಪಿಲ್ಲದ ಮನೆಗಳ ಸಂಪರ್ಕ ಕಡಿದು ಹೋದಾಗ ಕಿಟಕಿಯಾಚೆ ನಿಂತವರಿಗೆ ನಮ್ಮವರು ಕೊಡುತ್ತಿದ್ದ ಉತ್ತರ ಒಂದೇ: “ಸಿಸ್ಟಮ್ ಹಾಗೆ ಹೇಳ್ತಿದೆ.” ಆ ಸಿಸ್ಟಮ್ಮಿನೊಳಗಿನ ನಿಯಮವನ್ನು ಓದಬಲ್ಲವರು ಇಡೀ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಕಾನೂನು ಗ್ರಂಥಾಲಯದಲ್ಲಿ, ಅದನ್ನು ಜಾರಿ ಮಾಡುವ ಲೆಕ್ಕ ಬೀಗದೊಳಗೆ. ಇಂಥದ್ದನ್ನು ಸಹಿಸಿಕೊಂಡ ನಾಗರಿಕರು ನಾವು.

ಈಗ ಬೀಗ ತೆಗೆಯುವ ಹೊತ್ತಿಗೆ ಅಡ್ಡಗಾಲಿನ ತಕರಾರು. ನನ್ನ ಕೆಲಸದ ಪರಿಶೀಲಕಿ, ಆ ಹೆಸರು ನಾನಿಟ್ಟದ್ದು. ಎಲ್ಲೋ ಕಡಲಾಚೆಯ ಊರಿನವಳು, ಮುಖ ನೋಡಿಲ್ಲ. ನಮ್ಮ ಬಳಗದಲ್ಲಿ ಯಾರೇ ಒಬ್ಬರು ಕಾರಣ ಕೊಟ್ಟು ಬೇಡವೆಂದರೂ ಅದಕ್ಕೆ ಉತ್ತರ ಸಿಗುವ ತನಕ ಪ್ಯಾಚ್, ಅಂದರೆ ಹೊಸದಾಗಿ ಬರೆದ ಕೋಡ್, ಒಳಗೆ ಹೋಗುವುದಿಲ್ಲ. ಈ ವರ್ಷದ ಆವೃತ್ತಿಗೆ ಗಡುವು ಏಪ್ರಿಲ್ ಏಳು.

ಫೆಬ್ರವರಿ 6, ಗುರುವಾರ

ಅಕ್ಕನ ಮನೆಗೆ ಹೋಗಿದ್ದೆವು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಎರಡನೆಯ ಮಹಡಿ. ಮೂಲೆಯಲ್ಲಿ ಆಮ್ಲಜನಕದ ಯಂತ್ರ ಗುರುಗುಡುತ್ತಿತ್ತು. ಅದರ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡೇ ಅಕ್ಕ ಬಾಗಿಲು ತೆಗೆದಳು.

“ಮದುವೆ ಬೇಡ ಅಂತ ಇಷ್ಟು ವರ್ಷ ತಪ್ಪಿಸ್ಕೊಂಡೆ, ನೋಡು,” ಎಂದು ಯಂತ್ರದ ಕಡೆ ತೋರಿಸಿದಳು. “ಕೊನೆಗೂ ಗೊರಕೆ ಹೊಡೆಯೋದೊಂದು ಮನೆ ಸೇರ್ತು.”

ನನ್ನ ಕೆಲಸದ ಸುದ್ದಿ ಕೇಳಿದಳು. ಇವರು ಬಾಯಿ ಹಾಕಿದರು. ಜೀವನವಿಡೀ ಅಚ್ಚುಮನೆಯಲ್ಲಿ ಕರಡು ತಿದ್ದಿದ ಮನುಷ್ಯ, ಯಾವುದನ್ನೂ ಬಿಡಿಸಿ ಹೇಳದೆ ಬಿಡುವುದಿಲ್ಲ.

“ಡೇಟಾಬೇಸ್ ಅಂದ್ರೆ ಉಗ್ರಾಣ ಅಂದ್ಕೊಳ್ಳಿ ಅತ್ತಿಗೆ. ಸಾಮಾನು ಜೋಡಿಸಿಡೋದು ಮಾತ್ರ ಅಲ್ಲ, ಯಾವಾಗ ಯಾರಿಗೆ ಏನು ಕೊಡ್ಬೇಕು ಅನ್ನೋ ಅಪ್ಪಣೇನೂ ಉಗ್ರಾಣದ ಒಳಗೇ ಬರೆದಿಡೋದು. ಆ ಅಪ್ಪಣೆಯ ಭಾಷೇನ ಇವಳು ಮಾಡ್ತಿರೋದು.”

“ಅಪ್ಪಣೆ ಮಾಡೋದು ಇವಳಿಗೆ ಹೊಸದಾ?” ಎಂದಳು ಅಕ್ಕ.

ನಗಲಿ. ಕರೆಂಟ್ ತೆಗೆಯುವ ಮುನ್ನಾದಿನ ಇಂಥ ಯಂತ್ರಗಳಿರುವ ಮನೆಗಳಿಗೆ ಮಂಡಳಿಯಿಂದ ತಾನಾಗಿ ಫೋನ್ ಬರುತ್ತದಲ್ಲ, ಆ ಯೋಜನೆಗೆ ಅವಳ ಹೆಸರು ಬರೆಸಿದವಳು ನಾನು. ಫೋನ್ ಬಂದರೆ ಸಿಲಿಂಡರ್ ತರಿಸಿಟ್ಟುಕೊಳ್ಳುತ್ತಾಳೆ. ಆ ಅಪ್ಪಣೆ ಕೂಡ ಕಂಪನಿಯ ಭಾಷೆಯಲ್ಲೇ ಇದೆ, ಸದ್ಯಕ್ಕೆ.

ಫೆಬ್ರವರಿ 14, ಶುಕ್ರವಾರ

ಇಂದು ಅಡ್ಡಗಾಲಿಗೆ ಸರಿಯಾದ ಉತ್ತರ ಕೊಟ್ಟೆ. ಬೆಳಗಿನಿಂದ ಬರೆದೆ.

ಅವಳ ತಕರಾರು ಇಷ್ಟು. ಪಟ್ಟಿಯೊಂದನ್ನು ಸಾಲುಸಾಲಾಗಿ ಓದುವ ಪ್ರೊಸೀಜರ್, ಸಾಲುಗಳು ಮುಗಿದಾಗ ‘ಸಿಗಲಿಲ್ಲ’ ಎಂಬ ಸ್ಥಿತಿ ಬಂತೆಂದು ತಿಳಿದು ನಿಲ್ಲುತ್ತದೆ. ಆದರೆ ನಡುವೆ ಒಂದು ಸಾಲಿಗಾಗಿ ಬೇರೆ ಏನನ್ನೋ ಹುಡುಕಿದಾಗ ಅದು ಇಲ್ಲದಿದ್ದರೂ ಬರುವುದು ಅದೇ ‘ಸಿಗಲಿಲ್ಲ’. ಆಗ ಪ್ರೊಸೀಜರ್ ಪಟ್ಟಿಯೇ ಮುಗಿಯಿತೆಂದು ಅರ್ಧದಲ್ಲಿ ನಿಲ್ಲುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಕನಿಷ್ಠ ಒಂದು ಎಚ್ಚರಿಕೆಯನ್ನಾದರೂ ತೋರಿಸೋಣ ಎನ್ನುತ್ತಾಳೆ.

ನಾನು ಬರೆದೆ: ಪ್ರಮಾಣ ಹೇಳಿದ್ದು ಇದನ್ನೇ. ಒಳಗಿನ ಹುಡುಕಾಟವನ್ನು ಪ್ರತ್ಯೇಕವಾಗಿ ಬರೆದರೆ ತೊಂದರೆಯಿಲ್ಲ. ಬರೆಯುವವರು ಎಚ್ಚರದಿಂದ ಬರೆಯಬೇಕು. ಪ್ರಮಾಣಕ್ಕೆ ನಮ್ಮದೊಂದು ಬಾಲ ಅಂಟಿಸಿದರೆ ನಮಗೂ ಕಂಪನಿಗಳಿಗೂ ಏನು ವ್ಯತ್ಯಾಸ? ಪ್ರಮಾಣ ರೂಪುಗೊಂಡ ಚರಿತ್ರೆಯನ್ನೂ ಸ್ವಲ್ಪ ಹೇಳಿದೆ. ಸ್ವಲ್ಪ ಉದ್ದವಾಯಿತು.

ಸಂಜೆಯ ಹೊತ್ತಿಗೆ ಹಲವರು ನನ್ನ ಪರ ಬರೆದರು. ಅಡ್ಡಗಾಲು ಒಂದೇ ಸಾಲು ಬರೆದು ಹಿಂದೆ ಸರಿದಳು: “ಒಪ್ಪಿಲ್ಲ, ಆದರೆ ತಡೆಯುವುದಿಲ್ಲ.”

ಇವರಿಗೆ ಓದಿ ಹೇಳಿದೆ. “ಗೆದ್ದೆ ಅನ್ನು,” ಎಂದರು, ಈರುಳ್ಳಿ ಹೆಚ್ಚುತ್ತ.

ಫೆಬ್ರವರಿ 26, ಬುಧವಾರ

ಗುಬ್ಬಿ ಬಂದಿದ್ದಳು. ವಿಭಾಗದಲ್ಲಿ ನನ್ನ ಕೈಕೆಳಗೆ ಬೆಳೆದವಳು, ಈಗ ಅಲ್ಲಿನ ಮೇಲ್ವಿಚಾರಕಿ. ಗಾತ್ರಕ್ಕೂ ಗುಬ್ಬಿ, ಕೂತಲ್ಲಿ ಕೂರದ ಸ್ವಭಾವಕ್ಕೂ ಗುಬ್ಬಿ. ಕಂಪನಿಯ ಒಪ್ಪಂದ ಈ ವರ್ಷ ಮುಗಿಯುತ್ತದೆ. ನಮ್ಮ ಡೇಟಾಬೇಸಿಗೆ ಬದಲಾಗಲು ಮಂಡಳಿಯ ದೊಡ್ಡವರು ಅರ್ಧ ಮನಸ್ಸು ಮಾಡಿದ್ದಾರೆ. ಪ್ಯಾಚ್ ಅಧಿಕೃತ ಆವೃತ್ತಿಗೆ ಸೇರಿದರೆ ಪೂರ್ತಿ ಮನಸ್ಸು ಮಾಡುತ್ತಾರಂತೆ. ಅಷ್ಟರಲ್ಲಿ ಒಂದು ಬಡಾವಣೆಯಲ್ಲಿ ಪ್ರಯೋಗ ಮಾಡಿ ತೋರಿಸಬೇಕು.

“ಯಾವ ಬಡಾವಣೆ ಮೇಡಂ?”

“ಇದೇ. ನಮ್ಮ ಕಣ್ಣೆದುರೇ ಇರ್ಲಿ. ಯಂತ್ರದ ಮನೆಗಳಿಗೆ ಫೋನ್ ಮಾಡೋ ಪ್ರೊಸೀಜರ್ರಿಂದಾನೇ ಶುರು ಮಾಡು. ಚಿಕ್ಕದು, ಜನರಿಗೂ ಉಪಯೋಗ.”

“ಇಲ್ಲಿ ಕಂಪನಿದನ್ನ ನಿಲ್ಲಿಸಿಬಿಡ್ಲಾ?”

“ನಿಲ್ಲಿಸದೆ? ಎರಡೆರಡು ಸಲ ಫೋನ್ ಬಂದ್ರೆ ಜನ ಬೈತಾರೆ.”

ಕೈಪಿಡಿಗೆ ನಾನು ಬರೆದ ಅಧ್ಯಾಯವನ್ನು ಮುದ್ರಿಸಿ ಕೊಟ್ಟೆ. ಉದಾಹರಣೆ ನೋಡಿಕೊಂಡು ಒಂದು ಮಧ್ಯಾಹ್ನದಲ್ಲಿ ಬರೆದುಬಿಡುತ್ತೇನೆ ಎಂದಳು.

ಮಾರ್ಚ್ 11, ಮಂಗಳವಾರ

ಗುಬ್ಬಿಯ ಪ್ರೊಸೀಜರ್ ಸಿದ್ಧವಾಗಿದೆ. ನಾಲ್ಕು ನಕಲಿ ಸಾಲು ಕೊಟ್ಟು ಓಡಿಸಿದಳು. ಪರದೆಯ ಮೇಲೆ ‘ಯಶಸ್ವಿ’. ಮೊದಲ ಸಲ ನನ್ನ ಭಾಷೆ ನನ್ನದೇ ಊರಿನ ಜನರಿಗಾಗಿ ಒಂದು ಕೆಲಸ ಮಾಡಲಿದೆ. ಇವರು ಚಹಾ ಮಾಡಿಕೊಟ್ಟರು. ಸಕ್ಕರೆ ಹೆಚ್ಚು ಹಾಕಿದ್ದರು, ಆದರೂ ಪೂರ್ತಿ ಕುಡಿದೆ.

ಮಾರ್ಚ್ 20, ಗುರುವಾರ

ಅಕ್ಕ ಆಸ್ಪತ್ರೆಯಲ್ಲಿ.

ಅವಳ ಬೀದಿಗೆ ಹತ್ತು ಗಂಟೆಗೆ ಕರೆಂಟ್ ತೆಗೆದಿದ್ದಾರೆ. ಮಂಡಳಿಯಿಂದ ನಿನ್ನೆ ಅವಳಿಗೆ ಫೋನ್ ಬಂದಿಲ್ಲ. ಸಿಲಿಂಡರ್ ಇಲ್ಲ. ನೋಡಿಕೊಳ್ಳುವಾಕೆ ಅಂಗಡಿಗೆ ಹೋಗಿದ್ದಾಳೆ. ನಮ್ಮ ಬೀದಿಯದು ಬೇರೆ ಲೈನು, ಇಲ್ಲಿ ಕರೆಂಟ್ ಇತ್ತು. ನಾನು ಕೈಪಿಡಿಯ ಪದಬಳಕೆ ಬಗ್ಗೆ ಯಾರಿಗೋ ಉತ್ತರ ಬರೆಯುತ್ತ ಫೋನಿನ ಸದ್ದು ಅಡಗಿಸಿದ್ದೆ. ಅಕ್ಕ ನನಗೇ ಮೊದಲು ಮಾಡಿದ್ದಾಳೆ. ಆಮೇಲೆ ಇವರಿಗೆ. ಇವರು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದರು.

ತುಟಿ ನೀಲಿಯಾಗಿತ್ತು.

ಮಾರ್ಚ್ 21, ಶುಕ್ರವಾರ

ಉಸಿರಾಟ ಸ್ವಲ್ಪ ಸುಧಾರಿಸಿದೆ. ಮಾತಿಲ್ಲ.

ಮಾರ್ಚ್ 23, ಭಾನುವಾರ

ಪತ್ರಿಕೆಗೆ ಪತ್ರ ಬರೆದೆ. ಆ ಬೀದಿಯಲ್ಲೂ ಅದರಾಚೆಯ ಬೀದಿಗಳಲ್ಲೂ ಯಂತ್ರದ ಮನೆಗಳಲ್ಲಿ ಒಂದಕ್ಕೂ ಫೋನ್ ಬಂದಿಲ್ಲ. ಇವರು ವಿಚಾರಿಸಿಕೊಂಡು ಬಂದರು. ಬೇಸಿಗೆ ಬರುವ ಮುನ್ನ ತಂತಿ ಸರಿಪಡಿಸುವ ಮಂಡಳಿಗೆ ಒಂದು ಫೋನ್ ಮಾಡುವ ಸೌಜನ್ಯವಿಲ್ಲವೇ ಎಂದು ಕೇಳಿದ್ದೇನೆ. ಹೊಣೆಗಾರಿಕೆ ಎಂಬ ಪದ ನಾಲ್ಕು ಕಡೆ ಬಂದಿದೆಯೆಂದು ಇವರು ಎರಡನ್ನು ಹೊಡೆದು ಹಾಕಿದರು. ನಾಳೆ ಕಳಿಸುತ್ತೇನೆ. ಯಾರನ್ನೂ ಬಿಡುವುದಿಲ್ಲ.

ಮಾರ್ಚ್ 25, ಮಂಗಳವಾರ

ಗುಬ್ಬಿ ಬಂದಳು. ಕೂರೆಂದರೂ ಕೂರಲಿಲ್ಲ. ಲ್ಯಾಪ್‌ಟಾಪ್ ತೆರೆದು ಊಟದ ಮೇಜಿನ ಮೇಲಿಟ್ಟಳು.

“ಪ್ರೊಸೀಜರ್ ಓಡಿದೆ ಮೇಡಂ. ಯಶಸ್ವಿ ಅಂತಾನೇ ಇದೆ. ಇಲ್ಲಿ ತನಕ ಎಲ್ರಿಗೂ ಫೋನ್ ಹೋಗಿದೆ. ಈ ಮನೆ ನೋಡಿ. ಇವರದು ನಂಬರೇ ಇಲ್ಲ. ಇಲ್ಲಿಂದ ಕೆಳಗೆ ಯಾರಿಗೂ ಹೋಗಿಲ್ಲ.”

ಬೀದಿಯ ಕ್ರಮದಲ್ಲಿ ಜೋಡಿಸಿದ ಸಾಲುಗಳು. ಒಂದು ಮನೆಗೆ ಫೋನ್ ಸಂಖ್ಯೆ ಹುಡುಕಿದೆ, ‘ಸಿಗಲಿಲ್ಲ’. ಪಟ್ಟಿ ಮುಗಿಯಿತೆಂದುಕೊಂಡಿದೆ. ಅಕ್ಕ ಅದಕ್ಕಿಂತ ಬಹಳ ಕೆಳಗಿದ್ದಾಳೆ.

“ಒಳಗಿನ ಹುಡುಕಾಟಾನ ಪ್ರತ್ಯೇಕ ಬ್ಲಾಕಿನಲ್ಲಿ ಹಾಕ್ಬೇಕಿತ್ತು ನೀನು,” ಎಂದೆ.

“ನಿಮ್ಮ ಅಧ್ಯಾಯ ಪಕ್ಕದಲ್ಲಿಟ್ಕೊಂಡೇ ಬರೆದಿದ್ದು. ಅದರಲ್ಲಿ ಹಾಕಿಲ್ಲ.”

ತೆಗೆದು ನೋಡಿದೆ. ಹಾಕಿಲ್ಲ. ನನ್ನ ಉದಾಹರಣೆಯಲ್ಲಿ ಹುಡುಕಿದ್ದೆಲ್ಲ ಸಿಗುತ್ತದೆ. ಆದರೆ ಉದಾಹರಣೆಯ ಉದ್ದೇಶ ವಾಕ್ಯರಚನೆ ತೋರಿಸುವುದು. ಅದನ್ನು ಹಾಗೆಯೇ ನಕಲು ಮಾಡೆಂದು ನಾನು ಯಾರಿಗೂ ಹೇಳಿಲ್ಲ.

ಅವಳಿಂದ ಲಿಖಿತ ವಿವರಣೆ ಕೇಳಿದ್ದಾರಂತೆ. “ನೀವೂ ಒಂದು ತಾಂತ್ರಿಕ ಅಭಿಪ್ರಾಯ ಬರೆದುಕೊಟ್ರೆ...” ಎಂದು ನಿಲ್ಲಿಸಿದಳು. ಬರೆದುಕೊಡುತ್ತೇನೆ ಎಂದೆ. ಹೋಗುವಾಗ ಲೋಟದಲ್ಲಿ ಅರ್ಧ ಚಹಾ ಬಿಟ್ಟು ಹೋದಳು.

ಪತ್ರಿಕೆಯ ಪತ್ರ ಇನ್ನೂ ಕಳಿಸಿಲ್ಲ. ಕೆಲವು ವಿವರ ಬದಲಿಸಬೇಕಾದೀತು.

ಮಾರ್ಚ್ 27, ಗುರುವಾರ

ಅಭಿಪ್ರಾಯದ ಕರಡು ಮುಗಿಯಿತು. ಬಿಗಿಯಾಗಿ ಬಂದಿದೆ. ‘ಭಾಷೆಯು ಪ್ರಮಾಣಕ್ಕೆ ಅನುಗುಣವಾಗಿ ವರ್ತಿಸಿದೆ. ವ್ಯವಸ್ಥೆಯಲ್ಲಿ ದೋಷ ಕಂಡುಬಂದಿಲ್ಲ. ಬಳಕೆದಾರರು ಸೂಕ್ತ ಎಚ್ಚರ ವಹಿಸತಕ್ಕದ್ದು.’ ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಪ್ಯಾಚ್ ಒಳಗೆ ಹೋಗಲು ಹನ್ನೊಂದು ದಿನ ಉಳಿದಿರುವಾಗ ಇದಕ್ಕಿಂತ ಹೆಚ್ಚು ಹೇಳುವುದು ಅನಗತ್ಯ. ಇಲ್ಲಿನ ಒಂದು ತಪ್ಪು ಬಳಕೆಗಾಗಿ ಜಗತ್ತಿನ ಎಷ್ಟೋ ಆಫೀಸುಗಳು ಇನ್ನೊಂದು ವರ್ಷ ಬೀಗದೊಳಗೇ ಇರಬೇಕೇ?

ಮೇಜಿನ ಮೇಲೆ ಬಿಟ್ಟಿದ್ದೆ. ಇವರು ಕನ್ನಡಕ ಏರಿಸಿ ಓದಿದರು.

“ಇದನ್ನ ಯಾವಾಗ ಕಳಿಸಿದ್ರು ಕಂಪನಿಯವರು?” ಎಂದರು.

“ಯಾವ ಕಂಪನಿ?”

“ಕೆಳಗೆ ಹೆಸರಿಲ್ಲವಲ್ಲ, ಅವರೇ ಅಂದ್ಕೊಂಡೆ.”

ಬೇಕೆಂದೇ ಹೇಳಿದರೋ ಇಲ್ಲವೋ ತಿಳಿಯಲಿಲ್ಲ. ಒಂದು ಅಲ್ಪವಿರಾಮ ಸೇರಿಸಿ ವಾಪಸ್ಸು ಇಟ್ಟರು. ಇವರ ಕನ್ನಡಕ ಬದಲಿಸಬೇಕು. ಊಟಕ್ಕೆ ಕರೆದರು, ಹಸಿವಿರಲಿಲ್ಲ.

ಮಾರ್ಚ್ 30, ಭಾನುವಾರ

ಅಕ್ಕ ಮಾತಾಡುತ್ತಿದ್ದಾಳೆ. ಒಂದು ವಾಕ್ಯ, ಮುಖವಾಡದೊಳಗೆ ಒಂದಿಷ್ಟು ಉಸಿರು, ಇನ್ನೊಂದು ವಾಕ್ಯ. ದಾದಿ ಹೆಚ್ಚು ಮಾತಾಡಿಸಬೇಡಿ ಎಂದಿದ್ದಾಳೆ. ಅಕ್ಕನಿಗೆ ಅದನ್ನು ಯಾರು ಹೇಳುವುದು.

“ಯಾಕೆ ಬರ್ಲಿಲ್ಲ ಫೋನು, ಗೊತ್ತಾಯ್ತಾ?”

“ಗೊತ್ತಾಯ್ತು.”

“ಯಾರಿಗೆ ಬೈದೆ?”

ಅದಕ್ಕೆ ಬದಲು ಸ್ಥಿತಿ, ಸಾಲು, ಹುಡುಕಾಟ, ಎಲ್ಲ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಚಿಕ್ಕವಳಿದ್ದಾಗ ನಾನು ಪಾಠ ಒಪ್ಪಿಸುವಾಗಲೂ ಹೀಗೇ ಕಣ್ಣು ಮುಚ್ಚುತ್ತಿದ್ದಳು, ತಪ್ಪಿದಲ್ಲಿ ಮಾತ್ರ ತೆರೆಯುತ್ತಿದ್ದಳು.

“ಅಂದ್ರೆ ನಿನ್ನ ಭಾಷೆ ಕೆಟ್ಟಿಲ್ಲ.”

“ಕೆಟ್ಟಿಲ್ಲ. ಅದು ಇರಬೇಕಾದ್ದೇ ಹಾಗೆ.”

“ಅಯ್ಯೋ.” ಉಸಿರು ಎಳೆದುಕೊಂಡಳು. “ಕೆಟ್ಟಿದ್ರೆ ರಿಪೇರಿ ಮಾಡಬಹುದಿತ್ತು.”

ಮುಖವಾಡ ಸರಿಸಿ, “ಇನ್ನೂ ಎಲ್ಲೆಲ್ಲಿಗೆ ಹೋಗುತ್ತೆ ಇದು?” ಎಂದಳು.

“ಎಲ್ಲ ಕಡೆಗೂ. ಆಸ್ಪತ್ರೆ, ಶಾಲೆ, ಪಿಂಚಣಿ ಕಚೇರಿ. ಯಾರು ಬೇಕಾದರೂ ಬಳಸಬಹುದು, ಅದೇ ಅಲ್ವಾ ನಮ್ಮ ಉದ್ದೇಶ.”

“ಹ್ಞೂಂ,” ಎಂದಳು. ದಿಂಬು ಸರಿಪಡಿಸು ಎಂದಳು. ಸರಿಪಡಿಸಿದೆ. ಇನ್ನೂ ಮೇಲೆ ಎಂದಳು.

ಏಪ್ರಿಲ್ 2, ಬುಧವಾರ

ಅಡ್ಡಗಾಲಿನ ಹಳೆಯ ಮೇಲ್‌ಗಳನ್ನು ಮೊದಲಿನಿಂದ ಓದಿದೆ. ಫೆಬ್ರವರಿಯದರಲ್ಲಿ ಒಂದು ಸಾಲಿದೆ: “ತಪ್ಪು ಮಾಡುವವರು ಅಜಾಗರೂಕರಲ್ಲ, ನಮ್ಮನ್ನು ನಂಬಿದವರು.” ಆಗ ಓದಿದ ನೆನಪೇ ಇಲ್ಲ. ನಾನು ಮರೆಯುವವಳಲ್ಲ, ಹಾಗಾಗಿ ಓದಿರಲಿಕ್ಕಿಲ್ಲ.

ಅವಳಿಗೆ ಒಂದು ಪ್ರಶ್ನೆ ಕಳಿಸಿದೆ. ಎಚ್ಚರಿಕೆ ತೋರಿಸುವ ಕೆಲಸಕ್ಕೆ ಎಷ್ಟು ಸಮಯ ಹಿಡಿದೀತು? ಇದೇ ಸಂಜೆ ಉತ್ತರ ಬಂತು. ಸರಿಯಾಗಿ ಮಾಡಿದರೆ ಈ ಗಡುವಿಗೆ ಆಗುವುದಿಲ್ಲ ಎಂದಿದ್ದಾರೆ. ಯಾಕೆ ಕೇಳಿದಿರಿ ಎಂದು ಕೇಳಿಲ್ಲ.

ಏಪ್ರಿಲ್ 5, ಶನಿವಾರ

ಪ್ಯಾಚ್ ಸೋಮವಾರ ಒಳಗೆ ಹೋಗುವುದಿತ್ತು. ಎಲ್ಲರೂ ಒಪ್ಪಿದ್ದರು.

ಬೆಳಿಗ್ಗೆ ಬಳಗದವರೆಲ್ಲ ಓದುವ ಚರ್ಚಾಪಟ್ಟಿಗೆ ಬರೆದೆ. ಈ ಪ್ಯಾಚಿಗೆ ನನ್ನ ಆಕ್ಷೇಪವಿದೆ. ನಮ್ಮ ಬಡಾವಣೆಯಲ್ಲಿ ಏನಾಯಿತೆಂದು ಹೇಳಿದೆ. ಕೈಪಿಡಿಯ ಉದಾಹರಣೆ ನನ್ನದು, ಅದರಂತೆ ಬರೆದವರ ತಪ್ಪಿಲ್ಲ ಎಂದೆ. ತಮ್ಮದೇ ಪ್ಯಾಚಿಗೆ ತಾವೇ ಆಕ್ಷೇಪಿಸಿದವರು ಈ ಬಳಗದಲ್ಲಿ ಯಾರೂ ಇಲ್ಲವಂತೆ. ಇದಕ್ಕೆ ನಿಯಮ ಏನು ಎಂದು ಒಬ್ಬ ಕೇಳಿದ. ನಿಯಮ ಎಲ್ಲರಿಗೂ ಒಂದೇ ಎಂದು ಇನ್ನೊಬ್ಬರು ಉತ್ತರಿಸಿದರು.

ಅದನ್ನೇ ಮುದ್ರಿಸಿ ಮಂಡಳಿಗೂ ಕೊಟ್ಟು ಬಂದೆ. ಆ ಬಿಗಿಯಾದ ಕರಡನ್ನು ಇವರು ಕೇಳದೆಯೇ ಕಸಕ್ಕೆ ಹಾಕಿದ್ದಾರೆ. ಅದರ ಹಿಂಬದಿಯಲ್ಲಿ ಅಂಗಡಿಯ ಸಾಮಾನು ಬರೆದಿದ್ದರು.

ಏಪ್ರಿಲ್ 8, ಮಂಗಳವಾರ

ಹೊಸ ಆವೃತ್ತಿ ಹೊರಬಂತು, ನಾವಿಲ್ಲದೆ.

ಗುಬ್ಬಿ ಫೋನ್ ಮಾಡಿದಳು. ವಿವರಣೆಯ ಕಡತ ಮುಚ್ಚಿದರಂತೆ, ಅವಳ ಮೇಲೆ ಏನೂ ಇಲ್ಲ. ಆದರೆ ಮಂಡಳಿ ಕಂಪನಿಯ ಜೊತೆ ಮತ್ತೆ ಒಪ್ಪಂದ ಮಾಡಿಕೊಂಡಿದೆ. ಈ ಸಲ ದೀರ್ಘಾವಧಿ. ಕಂದು ಕೋಟಿನವನ ಮೊಮ್ಮಕ್ಕಳು ಬಂದು ಸಹಿ ಹಾಕಿಸಿಕೊಂಡಿರಬೇಕು.

“ನಿಮ್ಮ ಇಷ್ಟು ವರ್ಷದ ಕೆಲಸ ಮೇಡಂ...” ಎಂದಳು.

“ಅಳ್ಬೇಡ. ಅತ್ತರೆ ನಂಗೆ ಕೇಳ್ಸಲ್ಲ ನೀನೇನು ಹೇಳ್ತೀಯಂತ.”

ಅಳು ಗುಬ್ಬಿಯದಲ್ಲ, ನನ್ನದು ಎಂದು ಇವರು ಆಮೇಲೆ ಹೇಳಿದರು. ಇವರಿಗೆ ಎಲ್ಲದರಲ್ಲೂ ತಿದ್ದುಪಡಿ.

ನಮ್ಮ ಬಡಾವಣೆಗೆ ಕಂಪನಿಯ ವ್ಯವಸ್ಥೆಯನ್ನು ಮತ್ತೆ ಜೋಡಿಸಲು ಇನ್ನೂ ಕೆಲವು ವಾರ ಬೇಕಂತೆ. ಅಲ್ಲಿಯವರೆಗೆ?

ಏಪ್ರಿಲ್ 15, ಮಂಗಳವಾರ

ನಾಳೆ ಹತ್ತು ಗಂಟೆಗೆ ಮತ್ತೆ ಕರೆಂಟ್ ತೆಗೆಯುತ್ತಾರೆ. ಗುಬ್ಬಿ ಯಂತ್ರದ ಮನೆಗಳ ಪಟ್ಟಿಯನ್ನು ಮೂರು ಪಾಲು ಮಾಡಿದಳು. ಅವಳು ಕಚೇರಿಯಿಂದ, ನಾನು ಊಟದ ಮೇಜಿನಿಂದ, ಇವರು ಅಡುಗೆಮನೆಯ ಕಟ್ಟೆಯಿಂದ ಫೋನ್ ಮಾಡಿದೆವು. ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದ ಅಕ್ಕ ಮಂಚದ ಮೇಲಿಂದಲೇ ತನ್ನ ಮನೆಯ ಫೋನ್ ತಾನೇ ಎತ್ತಿ, “ಯಾರಮ್ಮ ನೀನು, ನಮ್ಮನೆ ಗೊರಕೆ ನಿಲ್ಲಿಸೋಕೆ ಬಂದವಳು?” ಎಂದಳು. ಸಿಲಿಂಡರ್ ಬಂದಿದೆ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು, ಆ ಒಂದು ಮನೆ ಬಿಟ್ಟು. ಸಂಖ್ಯೆಯಿಲ್ಲದ ಮನೆ. ಇವರು ಬರುತ್ತೇನೆಂದರು, ನಾನೊಬ್ಬಳೇ ಹೋದೆ.

ಬೇಕರಿಯ ಹಿಂದಿನ ಓಣಿ, ನೆಲಮಹಡಿ. ಬಾಗಿಲು ತೆರೆದವರು ನನ್ನ ವಯಸ್ಸಿನ ಗಂಡಸು, ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ. ಒಳಗೆ ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು, ಅದೇ ಥರದ ಯಂತ್ರ, ಅದೇ ಕೊಳವೆ.

“ನಾಳೆ ಹತ್ತು ಗಂಟೆಗೆ ಕರೆಂಟ್ ಹೋಗುತ್ತೆ. ಹೇಳಿ ಹೋಗೋಣ ಅಂತ ಬಂದೆ,” ಎಂದೆ.

ಅವರು ಹೆಂಡತಿಯ ಕಡೆ ತಿರುಗಿ, “ಕೇಳಿಸ್ತೇನೇ? ಮೊದಲೇ ಹೇಳೋಕೆ ಬಂದಿದಾರೆ,” ಎಂದರು, ಯಾರದೋ ಮದುವೆಗೆ ಕರೆಯಲು ಬಂದವರ ಸುದ್ದಿ ಹೇಳುವ ಹಾಗೆ.

“ಇಷ್ಟು ದಿನ ಏನು ಮಾಡ್ತಿದ್ರಿ?”

“ಯಾವಾಗ?”

“ಕರೆಂಟ್ ಹೋದಾಗ.”

“ಫೋನಿಲ್ಲ ನಮ್ಮತ್ರ. ಫ್ಯಾನ್ ನಿಂತ್ರೆ ಗೊತ್ತಾಗುತ್ತೆ. ಕಿಟಕಿ ತೆಗೀತೀನಿ, ಇವಳನ್ನ ಎಬ್ಬಿಸಿ ಕೂರಿಸ್ತೀನಿ, ಬೆನ್ನು ಹಿಡ್ಕೋತೀನಿ. ಬರೋ ತನಕ.”

“ಎಷ್ಟು ವರ್ಷದಿಂದ?”

“ಈ ಯಂತ್ರ ಬಂದಾಗಿಂದ.”

ಅಂದರೆ ಕಂಪನಿಯ ಕಾಲದಿಂದ. ಕಂಪನಿಯ ಪ್ರೊಸೀಜರ್ ನಿಲ್ಲುತ್ತಿರಲಿಲ್ಲ, ಈ ಮನೆಯನ್ನು ದಾಟಿಕೊಂಡು ಮುಂದೆ ಹೋಗುತ್ತಿತ್ತು, ಅದಕ್ಕೇ ಯಾರಿಗೂ ಗೊತ್ತಾಗಿರಲಿಲ್ಲ. ನಮ್ಮದು ಇಲ್ಲಿಗೆ ಬಂದು ನಿಂತಿತು, ಆಗಲೂ ನಾವೆಲ್ಲ ನೋಡಿದ್ದು ಇದರ ಕೆಳಗಿನ ಸಾಲುಗಳನ್ನು. ಪರಿಶೀಲಕಿಯವರೂ ನಾನೂ ಇಷ್ಟೊಂದು ವಾದಿಸಿದೆವಲ್ಲ, ಅದರಲ್ಲಿ ಈ ಮನೆ ಎಲ್ಲೂ ಬರಲಿಲ್ಲ. ಎಚ್ಚರಿಕೆ ತೋರಿಸಿದರೆ ಸಾಲದು, ಸಿಗದೆ ಹೋದದ್ದು ಯಾರದು ಎಂದು ಹೇಳುವ ಹಾಗಿರಬೇಕು. ಇದನ್ನು ಅವರಿಗೆ ಬರೆಯಬೇಕು. ಅವರಿಗೆ ಇನ್ನೂ ಉತ್ತಮವಾದದ್ದು ಹೊಳೆಯಬಹುದು.

ಸಿಲಿಂಡರಿನವನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ನಾಳೆ ಮಧ್ಯಾಹ್ನದ ಮೊದಲು ಆಗುವುದಿಲ್ಲ ಎಂದ. ಬೈಯಲು ಬಾಯಿ ತೆರೆದೆ, ಆಮೇಲೆ, ಎಷ್ಟು ಬೇಗ ಆದರೆ ಅಷ್ಟು ಬೇಗ ತನ್ನಿ ಎಂದೆ.

ಹೊರಡುವಾಗ ಆ ಹೆಂಗಸು ಮೊದಲ ಸಲ ಬಾಯಿ ತೆರೆದರು. “ಹಣ್ಣು ಕೊಡಿ ಅವರಿಗೆ. ಬಿಸಿಲಲ್ಲಿ ಬಂದಿದಾರೆ.”

ನಾಳೆ ಚರ್ಚಾಪಟ್ಟಿಗೆ ಬರೆಯಲಾಗುವುದಿಲ್ಲ. ಅಕ್ಕನ ಹತ್ತಿರ ಇವರು ಇರುತ್ತಾರೆ. ನಾನು ಹತ್ತಕ್ಕೆ ಮೊದಲೇ ಬೇಕರಿ ಓಣಿಗೆ ಹೋಗುತ್ತೇನೆ. ಅಷ್ಟು ಹೊತ್ತು ಬೆನ್ನು ಹಿಡಿದುಕೊಳ್ಳಲು ಇಬ್ಬರು ಬೇಕು.